ಹೂವಿನ ಪಾಠದಲ್ಲಿ ನಾನು ಹೇಳಿದ ಸುಳ್ಳು

ಇದನ್ನು ಹೇಳಬೇಕೆಂದು ಎಷ್ಟೋ ಸಲ ಕೂತು ಎದ್ದಿದ್ದೇನೆ. ಕಣ್ಣು ಸರಿಯಿಲ್ಲ, ಬೆನ್ನು ನೋವು ಎಂದು ನೆಪ ಹೇಳಿಕೊಂಡೆ. ನಿಜವಾಗಿ ತಡೆದದ್ದು ನಾಚಿಕೆ.

ತಂಗಿ ಮಾನ್ವಿಯಲ್ಲಿ ತೀರಿಕೊಂಡ ಮೇಲೆ ಅವಳ ಮಗಳು ರಾಯಚೂರಿನ ನಮ್ಮ ಮನೆಗೆ ಬಂದಳು. ನರ್ಸಿಂಗ್ ಓದಿದವಳು. ಜಪಾನಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗಲು ಅಲ್ಲಿಯ ಭಾಷೆ ಕಲಿಯುತ್ತಿದ್ದಳು. ಮಾತಾಡಿ ರೂಢಿಯಾಗಬೇಕೆಂದು ಸಂಜೆ ನನ್ನನ್ನು ಮಾಳಿಗೆಯ ಮೇಲೆ, ನನ್ನ ಹೂವಿನ ಕುಂಡಗಳ ನಡುವೆ ಕೂರಿಸಿಕೊಳ್ಳುತ್ತಿದ್ದಳು.

"ಶುಮಿ ವಾ ನಾನ್ ದೆಸ್ ಕಾ? ನಿಮ್ಮ ಹವ್ಯಾಸ ಏನು ಅಂತ ಕೇಳಾಕತ್ತೀನಿ ಮಾಮಾ."

ನಾನು ಅವಳು ಕಲಿಸಿದ ಉತ್ತರ ಒಪ್ಪಿಸಿದೆ: ಹೂವು ಬೆಳೆಸುವುದು.

"ಬಸ್ ಸ್ಟ್ಯಾಂಡಿನ್ಯಾಗ ಊರು ಕೂಗಿದಂಗ ಕೂಗಬ್ಯಾಡ್ರಿ. ಜಪಾನಿನ ಮುದುಕ್ರು ಹೆದರಿ ಮಂಚದಿಂದ ಬಿದ್ದಾರು!"

ಇಬ್ಬರೂ ನಕ್ಕೆವು. ಆಮೇಲೆ ಅವಳು ಮುಂದಿನ ಪ್ರಶ್ನೆ ಕೇಳಿದಳು. ಯಾರ ಹತ್ತಿರ ಕಲಿತಿರಿ?

"ಹಿತೊರಿ ದೆ" ಎಂದೆ. ಒಬ್ಬನೇ ಕಲಿತೆ ಎಂದು ಅರ್ಥ.

"ಭೇಷ್!" ಎಂದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಗಂಡ ಸತ್ತ ಮೇಲೆ ತಂಗಿ ಈ ಮಗಳನ್ನು ಎತ್ತಿಕೊಂಡು ಆಗ ದೇವದುರ್ಗದಲ್ಲಿದ್ದ ನಮ್ಮ ಮನೆಗೆ ಬಂದಿದ್ದಳು. ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ ಮಲ್ಲಿಗೆ, ಕನಕಾಂಬರ ಹಚ್ಚಿದಳು. ತಾನು ಮುಡಿಯುವಂತಿರಲಿಲ್ಲ. ಆದರೂ ಸಂಜೆ ಮಾಲೆ ಕಟ್ಟಿ ಓಣಿಯ ಹೆಣ್ಣುಮಕ್ಕಳಿಗೆ ಹಂಚುತ್ತಿದ್ದಳು. ಬೇಸಿಗೆಯಲ್ಲಿ ಗಿಡಗಳಿಗೆ ಹಳೆಯ ಸೀರೆಯ ನೆರಳು ಕಟ್ಟುವುದನ್ನು ನನಗೆ ತೋರಿಸಿದವಳು ಅವಳೇ.

ನನ್ನ ಮಗಳ ಕುಬಸದ ದಿನ, ಬಸುರಿಗೆ ಮುತ್ತೈದೆಯರು ಉಡಿ ತುಂಬುವ ಹೊತ್ತಿಗೆ, ತಂಗಿ ಮಲ್ಲಿಗೆ ಮೊಗ್ಗಿನ ಜಡೆ ಹೆಣೆದು ತಂದಳು. ಬೀಗರ ಕಡೆಯ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರು ಬಾಯಿ ಬಿಡುವ ಮೊದಲೇ ನಾನು ಬಿಟ್ಟೆ.

"ನಿನ್ನ ಕೈಯಾಗಿನ ಹೂವು ಬ್ಯಾಡ. ಇವತ್ತಾದ್ರೂ ಒಳಗ ಕುಂದ್ರಬಾರದೇನು?"

"ಆತು ಅಣ್ಣಾ" ಎಂದಳು. ಪೇಟೆಯಿಂದ ಹೂವು ತರಿಸಿದೆ. ಊಟದ ಗದ್ದಲ ಮುಗಿದು ನೋಡಿದರೆ ತಾಯಿ ಮಗಳು ಮನೆಯಲ್ಲಿರಲಿಲ್ಲ. ಮಾನ್ವಿಗೆ ಹೋಗಿ ಖೋಲಿ ಹಿಡಿದು, ಅಲ್ಲಿಯ ಹಾಸ್ಟೆಲ್ಲಿನಲ್ಲಿ ಅಡುಗೆಗೆ ಸೇರಿಕೊಂಡಳು. ಮದುವೆಗಳಲ್ಲಿ ಸಿಕ್ಕಾಗ ಬಿಸಿಲು, ಮಳೆ ಎಂದು ಮಾತಾಡಿದೆವು. ಆ ದಿನದ ಸುದ್ದಿ ನಾನೂ ಎತ್ತಲಿಲ್ಲ. ರಾಯಚೂರಿಗೆ ಬರುವಾಗ ಅವಳ ಗಿಡಗಳ ಕಡ್ಡಿ ತಂದು ಕುಂಡಕ್ಕೆ ಊರಿದೆ. ಹೊಗಳಿದವರಿಗೆಲ್ಲ ನನ್ನ ಹವ್ಯಾಸ ಎಂದೆ.

ಹುಡುಗಿ ಹೊರಡುವ ದಿನ ಹತ್ತಿರ ಬಂತು. ಒಂದು ಸಂಜೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು. ಯಾರ ಹತ್ತಿರ ಕಲಿತಿರಿ?

"ನಿಮ್ಮವ್ವನ ಹತ್ರ" ಎಂದೆ. ಉಳಿದದ್ದನ್ನೂ ಹೇಳಿದೆ. ಅವಳು ಮಲ್ಲಿಗೆ ಕುಂಡದಲ್ಲಿ ಒಣಗಿದ ಎಲೆ ಕೀಳುತ್ತ ಕೂತಿದ್ದಳು.

"ನನಗ ಗೊತ್ತದ ಮಾಮಾ. ಆ ಜಡಿ ಅವ್ವ ನನ್ನ ತಲಿಗೆ ಹಾಕಿದ್ಳು. ಮಾನ್ವಿ ಬಸ್ಸಿನ್ಯಾಗ ಎಲ್ಲಾರೂ ನನ್ನೇ ನೋಡಾಕತ್ತಿದ್ರು. ನನಗ ಖುಷಿಯೋ ಖುಷಿ. ಅವ್ವ ಯಾಕ ಅಳಾಕತ್ತಾಳಂತ ತಿಳಿಲಿಲ್ಲ."

"ತಪ್ಪಾತು ನನ್ನದು."

"ನನ್ನ ಮುಂದ್ಯಾಕ ಹೇಳ್ತೀರಿ? ಪಂಚಮಿ ಬಂತಂದ್ರ ಅಣ್ಣ ಕರಿಯಾಕ ಬರ್ತಾನಂತ ಬಾಗಿಲ ಕಡಿ ನೋಡ್ತಿದ್ಳು. ಆವಾಗ ಬಂದು ಅಕಿ ಮುಂದ ಹೇಳಬೇಕಿತ್ತು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಪುಸ್ತಕ ಮುಚ್ಚಿ ಕೆಳಗೆ ಹೋದಳು. ಅಲ್ಲೇ ಕತ್ತಲಾಗುವತನಕ ಕೂತೆ. ಮಾನ್ವಿ ದೂರದ ಊರಲ್ಲ. ಬಸ್ಸುಗಳೂ ಇದ್ದವು. ಹಬ್ಬಕ್ಕೆ ಹೋಗಿ, ಬಾಗಿಲಲ್ಲಿ ನಿಂತು, ತಪ್ಪಾಯಿತು ಎಂದು ನಾನು ಕೈಮುಗಿಯಬೇಕಾಗಿದ್ದುದು ನನ್ನ ತಂಗಿಗೆ.