ಕಡತದ ಮೇಲೆ ತಿಥಿ ಬರೆಸಿದ ವಿಶಾಲಾಕ್ಷಿಯವರು

ಭಯೋತ್ಪಾದಕರ ದಾಳಿಯಲ್ಲಿ ಮಕ್ಕಳನ್ನೋ ಸಂಗಾತಿಯನ್ನೋ ಕಳೆದುಕೊಂಡವರ ಪರವಾಗಿ, ಆ ದಾಳಿಗೆ ಹಣ ಸಾಗಿಸಿದವರನ್ನು ಅಮೆರಿಕದ ನ್ಯಾಯಾಲಯಕ್ಕೆ ಎಳೆದು ತರುವ ವಕೀಲಿಕೆ ಒಂದಿದೆ. ಅದರಲ್ಲಿ ಹೆಸರು ಮಾಡಿದವರು ಕೆಲವರು, ಹಣ ಮಾಡಿದವರು ಇನ್ನೂ ಕೆಲವರು. ಇವೆರಡನ್ನೂ ಮಾಡದೆ, ಇಪ್ಪತ್ತಮೂರು ವರ್ಷ ಒಂದೇ ಮೇಜಿನ ಹಿಂದೆ ಕುಳಿತು, ಬೇಸಿಗೆಯ ಹತ್ತು ವಾರಕ್ಕೆಂದು ಬರುವ ಕಾನೂನು ವಿದ್ಯಾರ್ಥಿಗಳಿಗೆ ಈ ಕೆಲಸದ ಅಕ್ಷರಾಭ್ಯಾಸ ಮಾಡಿಸಿದವರು ಶ್ರೀಮತಿ ವಿಶಾಲಾಕ್ಷಿಯವರು. ಸಿಯಾಟಲ್ ಸೀಮೆಯ ಯಹೂದಿ ಸಮುದಾಯದ ನಮ್ಮ ಪುಟ್ಟ ಕಾನೂನು ನೆರವಿನ ಕಚೇರಿಯಲ್ಲಿ ಅವರ ಕೈಕೆಳಗೆ ಕಲಿತು ಹೋದವರು ಇನ್ನೂರಕ್ಕೂ ಹೆಚ್ಚು ಮಂದಿ. ಈ ಅಭಿನಂದನ ಸಂಪುಟವನ್ನು ತಂದವರೂ ಆ ವಿದ್ಯಾರ್ಥಿಗಳೇ.

ಸಂಪುಟಕ್ಕೆ ವಿಶಾಲಾಕ್ಷಿಯವರ ಒಪ್ಪಿಗೆ ಸುಲಭವಾಗಿ ಸಿಗಲಿಲ್ಲ. ಮೂರು ಬಾರಿ ಬೇಡವೆಂದರು. ನಾಲ್ಕನೆಯ ಬಾರಿ ಒಂದು ಷರತ್ತು ಹಾಕಿದರು. "ಕೆಸ್ಲರ್ ಬಾಯಾರ ವಿಷಯ ಬರೀರಿ. ಅದನ್ನ ಬಿಟ್ಟು ಬರೀ ಹೂವು ಹಣ್ಣು ಬರದ್ರ, ನಾ ಸಮಾರಂಭಕ್ಕ ಬರಂಗಿಲ್ಲ." ಅಭಿನಂದನ ಗ್ರಂಥವೆಂದರೆ ಹೂವು ಹಣ್ಣೇ ಎಂದು ನಂಬಿದ್ದ ಸಂಪಾದಕರಾದ ನಮಗೆ ನುಂಗಲೂ ಆಗದ ಉಗುಳಲೂ ಆಗದ ಸ್ಥಿತಿ. ಕೊನೆಗೆ ಮಾತು ಕೊಟ್ಟೆವು. ಆದ್ದರಿಂದ ಈ ಲೇಖನ ಹೊಗಳಿಕೆಯಿಂದ ಆರಂಭವಾಗಿ ಬೇರೆ ಕಡೆಗೆ ಹೋಗುತ್ತದೆ. ಓದುವವರು ಕ್ಷಮಿಸಬೇಕು.

ವಿಶಾಲಾಕ್ಷಿಯವರು ಧಾರವಾಡದಲ್ಲಿ ಕಾನೂನು ಓದಿ, ಎರಡು ವರ್ಷ ಅಲ್ಲಿನ ಹಿರಿಯ ವಕೀಲರೊಬ್ಬರ ಬಳಿ ಕೆಲಸ ಮಾಡಿದವರು. ಪತಿ ಶ್ರೀಪತಿಯವರು ವಿಮಾನದ ರೆಕ್ಕೆಗಳ ಲೆಕ್ಕಾಚಾರದ ಎಂಜಿನಿಯರು. ಅವರ ಜೊತೆ ಬಂದು ಬಾಥೆಲ್‌ನಲ್ಲಿ ಮನೆ ಹೂಡಿದಾಗ ಆ ಪದವಿಗೆ ಇಲ್ಲಿ ಕವಡೆ ಕಿಮ್ಮತ್ತೂ ಇರಲಿಲ್ಲ. ವಕೀಲರ ಸಹಾಯಕಿಯ ತರಬೇತಿ ಪಡೆದು, ಪತ್ರಿಕೆಯ ಜಾಹೀರಾತು ನೋಡಿ, ಕ್ಯಾನ್ಯನ್ ಪಾರ್ಕಿನ ಔಷಧ ಸಂಶೋಧನೆಯ ಕಂಪನಿಗಳ ನಡುವೆ ಬೋರ್ಡೇ ಇಲ್ಲದ ಒಂದು ಕಚೇರಿಯ ಬಾಗಿಲು ತಟ್ಟಿದರು. ಬೆದರಿಕೆ ಪತ್ರಗಳು ಬರುತ್ತಿದ್ದ ಕಾರಣ ನಮ್ಮಲ್ಲಿ ಬೋರ್ಡು ಹಾಕುವ ಪದ್ಧತಿ ಇಲ್ಲ. ಬಾಗಿಲು ತೆರೆದವರು ಯಾರು ಬೇಕೆಂದು ಕೇಳಿದರೆ, ನನಗೆ ಯಾರೂ ಬೇಡ, ನಿಮಗೇ ಒಬ್ಬರು ಬೇಕಂತಲ್ಲ ಎಂದರಂತೆ ಇವರು.

ಮೊದಲ ವಾರದಲ್ಲೇ ಕಚೇರಿಯ ಅಡುಗೆಕೋಣೆಯ ನಿಯಮಗಳನ್ನು ಒಬ್ಬರು ಸಂಕೋಚದಿಂದ ವಿವರಿಸಿದರು. ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ, ಹೊರಗೆ ಬೇಯಿಸಿದ್ದು ಒಳಗೆ ಬರುವಂತಿಲ್ಲ. ಸೋದರತ್ತೆ ಪ್ರೇಮಮ್ಮನ ಮಡಿಯಲ್ಲಿ ಬೆಳೆದು ಬಂದ ವಿಶಾಲಾಕ್ಷಿಯವರಿಗೆ ಇದು ನೀರು ಕುಡಿದಷ್ಟು ಸಲೀಸು. ಮರುದಿನವೇ ಮುದ್ರೆಯೊಡೆಯದ ಅವಲಕ್ಕಿಯ ಪೊಟ್ಟಣ ತಂದು, ಕಚೇರಿಯದೇ ಬಾಣಲೆಯಲ್ಲಿ ಒಗ್ಗರಣೆ ಹಾಕಿದರು. ಸಾಸಿವೆ ಸಿಡಿದ ಸದ್ದಿಗೆ ಬೆಚ್ಚಿಬಿದ್ದ ವಕೀಲರು ಒಳಗೆ ಓಡಿ ಬಂದದ್ದು ನಮ್ಮ ಕಚೇರಿಯ ಹಳೆಯ ತಮಾಷೆ.

ಅವರು ವಿದ್ಯಾರ್ಥಿಗಳಿಗೆ ಕಲಿಸಿದ ರೀತಿಯೇ ಬೇರೆ. ಮೊದಲ ವಾರ ಕಾನೂನಿನ ಪುಸ್ತಕ ಮುಟ್ಟುವಂತಿಲ್ಲ. ಒಂದು ಕಡತ ಕೊಟ್ಟು, ಸತ್ತವರು ಯಾರು, ಏನು ತಿನ್ನುತ್ತಿದ್ದರು, ಯಾರ ಮೇಲೆ ಸಿಟ್ಟು ಮಾಡುತ್ತಿದ್ದರು ಎಂದು ಓದಿ ಹೇಳಬೇಕು. ಮನೆಯವರಿಗೆ ಫೋನ್ ಮಾಡಿದರೆ ಮೊದಲ ಐದು ನಿಮಿಷ ದಾವೆಯ ಸುದ್ದಿ ಎತ್ತಕೂಡದು. ಸ್ಫೋಟದ ಜಾಗದ ಚಿತ್ರಗಳನ್ನು ಅವರೇ ಮೊದಲು ನೋಡುತ್ತಿದ್ದರು. ಪ್ರತಿಯೊಂದರ ಮೇಲೂ ಬಿಳಿ ಹಾಳೆ ಹಚ್ಚಿ, ಒಳಗೆ ಏನಿದೆ ಎಂದು ನಾಲ್ಕು ಸಾಲು ಬರೆದಿಟ್ಟು, ಅನಿವಾರ್ಯವಾದರೆ ಮಾತ್ರ ಹಾಳೆ ಎತ್ತಿ ಎನ್ನುತ್ತಿದ್ದರು. ಇಪ್ಪತ್ತೆರಡರ ಹರೆಯದವರು ನೋಡಬಾರದ್ದನ್ನು ಇನ್ನೂರು ಜನರ ಪರವಾಗಿ ಒಬ್ಬರೇ ನೋಡಿದರು. ಅದರ ಭಾರ ಎಷ್ಟೆಂದು ನಾವು ಯಾರೂ ಕೇಳಲಿಲ್ಲ. ಈಗ ನಾಚಿಕೆಯಾಗುತ್ತದೆ.

ಅವರ ಅತಿ ದೊಡ್ಡ ಉಪಕಾರವೆಂದು ಎಲ್ಲರೂ ಹೇಳುವ ಪದ್ಧತಿ ಹುಟ್ಟಿದ್ದು ಹೀಗೆ. ಮಗಳನ್ನು ಕಳೆದುಕೊಂಡ ತಂದೆಯೊಬ್ಬರು ಒಮ್ಮೆ ಕಚೇರಿಗೆ ಬಂದಾಗ, ನೀವು ವರ್ಷ ವರ್ಷ ತಾರೀಖು ನೋಡಿ ಪತ್ರ ಕಳಿಸುತ್ತೀರಿ, ಆದರೆ ನಾವು ದೀಪ ಹಚ್ಚುವುದು ಆ ದಿನ ಅಲ್ಲ ಎಂದರು. ಯಹೂದಿಗಳಲ್ಲಿ ಸತ್ತವರ ದಿನವನ್ನು ಹೀಬ್ರೂ ಪಂಚಾಂಗದಂತೆ ಆಚರಿಸುತ್ತಾರೆ. ಅದಕ್ಕೆ ಯಾರ್‌ಟ್ಸೈಟ್ ಎನ್ನುತ್ತಾರೆ. ತಾರೀಖಿಗೂ ಅದಕ್ಕೂ ಪ್ರತಿ ವರ್ಷ ಹಿಂದೆ ಮುಂದೆ ಆಗುತ್ತದೆ. ಉಳಿದವರಿಗೆ ಇದನ್ನು ವಿವರಿಸಬೇಕಾಯಿತು, ವಿಶಾಲಾಕ್ಷಿಯವರಿಗೆ ಬೇಕಾಗಲಿಲ್ಲ. "ನಮ್ಮ ಮಾವನೋರ ಶ್ರಾದ್ಧ ನಾವು ತಾರೀಖಿಗೆ ಮಾಡ್ತೀವೇನು? ತಿಥಿಗೇ ಮಾಡ್ತೀವಿ. ಇಷ್ಟು ದಿನ ನನ್ನ ತಲ್ಯಾಗ ಯಾಕ ಬರ್ಲಿಲ್ಲ?" ಎಂದು ತಮ್ಮನ್ನೇ ಬೈದುಕೊಂಡರು. ಆ ತಿಂಗಳೇ ಪ್ರತಿ ಕಡತದ ಮುಖಪುಟಕ್ಕೆ ಒಂದು ಹಾಳೆ ಅಂಟಿತು. ಸತ್ತವರ ಹೆಸರು, ಅದರ ಕೆಳಗೆ ಸಾವಿನ ನಂತರದ ಇಪ್ಪತ್ತು ವರ್ಷ ಆ ತಿಥಿ ಯಾವ ಯಾವ ತಾರೀಖಿಗೆ ಬೀಳುತ್ತದೆ ಎಂಬ ಪಟ್ಟಿ. ಆ ದಿನ ಕಚೇರಿಯಿಂದ ಒಬ್ಬರು ಮನೆಯವರಿಗೆ ಫೋನ್ ಮಾಡಲೇಬೇಕು. ನಮ್ಮನ್ನು ನಮ್ಮ ದಿನದಂದು ನೆನೆದಿರಿ ಎಂದು ಜನ ಫೋನಿನಲ್ಲೇ ಅತ್ತರು. ಬೇರೆ ಊರಿನ ಎರಡು ಕಚೇರಿಗಳು ನಮ್ಮಿಂದ ಅದನ್ನು ನಕಲು ಮಾಡಿಕೊಂಡವು.

ಶ್ರೀಮತಿ ಕೆಸ್ಲರ್ ಶೋರ್‌ಲೈನ್‌ನಲ್ಲಿ ಒಬ್ಬರೇ ಇದ್ದ ಎಂಬತ್ತರ ಹೆಂಗಸು. ಅವರ ಒಬ್ಬನೇ ಮಗ ಯೋನಾ ಹೊರದೇಶದ ಬಸ್ ನಿಲ್ದಾಣವೊಂದರಲ್ಲಿ ಬಾಂಬಿಗೆ ಬಲಿಯಾಗಿದ್ದ. ಒಂಬತ್ತು ವರ್ಷ ಅವರು ದಾವೆಯ ಮಾತೇ ಬೇಡವೆಂದರು. ಮಗನ ಸಾವಿಗೆ ಬೆಲೆ ಕಟ್ಟಿಸುವವಳು ನಾನಲ್ಲ ಎಂಬುದು ಅವರ ವಾದ. ವಿಶಾಲಾಕ್ಷಿಯವರು ಅವರ ಮನೆಗೆ ಏಳೆಂಟು ಬಾರಿ ಹೋದರು. ದಾವೆ ದುಡ್ಡಿಗಲ್ಲ, ದುಡ್ಡು ಸಾಗಿಸಿದ ಬ್ಯಾಂಕಿನವರ ಎದುರು ನಿಂತು ನಿಮ್ಮ ಮಗ ಯಾರೆಂದು ಹೇಳುವುದಕ್ಕೆ, ಅವರು ಕಿವಿ ಮುಚ್ಚಿಕೊಳ್ಳಲಾಗದ ಜಾಗ ಅದೊಂದೇ ಎಂದು ತಿಳಿಹೇಳಿದರು. ಹತ್ತನೆಯ ವರ್ಷದ ಫೆಬ್ರವರಿಯಲ್ಲಿ ಆ ತಾಯಿ ಸಹಿ ಹಾಕಿದರು. ಇಂಥ ದಾವೆಗೆ ಇರುವ ಕಾಲಮಿತಿಯೂ ಹತ್ತೇ ವರ್ಷ.

ಆ ಬೇಸಿಗೆಗೆ ಬಂದಿದ್ದ ರಂಜಿನಿ ಬಾಥೆಲ್‌ನಲ್ಲೇ ಹುಟ್ಟಿ ಬೆಳೆದ ಕನ್ನಡದ ಮನೆಯ ಹುಡುಗಿ. ಕನ್ನಡದಲ್ಲಿ ಬೈಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ಚೂಟಿ. ಶ್ರೀಮತಿ ಕೆಸ್ಲರ್ ಎದುರು ಹನ್ನೊಂದು ಮಧ್ಯಾಹ್ನ ಕುಳಿತು, ಯೋನಾನ ಬಗ್ಗೆ ನಲವತ್ತೊಂದು ಪುಟದ ಹೇಳಿಕೆ ಬರೆದುಕೊಂಡಳು. ಸ್ನಾನದ ಮನೆಯಲ್ಲಿ ಅವನು ಹಾಡುತ್ತಿದ್ದದ್ದು, ತಾಯಿಗೆ ಹೇಳದೆ ಬೆಕ್ಕು ತಂದಿಟ್ಟದ್ದು, ಎಲ್ಲವೂ ಅದರಲ್ಲಿತ್ತು. ಮುದುಕಿ ಕೋರ್ಟಿನಲ್ಲಿ ಹೇಳಲೆಂದು ಅದನ್ನು ಕನ್ನಡಿಯ ಮುಂದೆ ಓದಿ ಅಭ್ಯಾಸ ಮಾಡುತ್ತಿದ್ದರು.

ದಾವೆಯ ಗಡುವು ಎಣಿಸಿದವಳೂ ರಂಜಿನಿಯೇ. ಕಡತ ಕೈಗೆತ್ತಿಕೊಂಡರೆ ಕಣ್ಣಿಗೆ ಮೊದಲು ಬೀಳುವುದು ಮುಖಪುಟದ ಹಾಳೆ. ಯೋನಾನ ಹೆಸರು, ಕೆಳಗೆ ಒಂದರಿಂದ ಇಪ್ಪತ್ತರವರೆಗೆ ವರ್ಷಗಳು. ಅವಳು ಹತ್ತನೆಯ ಸಾಲಿನ ಮೇಲೆ ಬೆರಳಿಟ್ಟಳು: ಜೂನ್ ಇಪ್ಪತ್ತಮೂರು. ಅದನ್ನೇ ಗಡುವಿನ ಪಟ್ಟಿಗೆ ಬರೆದು ವಿಶಾಲಾಕ್ಷಿಯವರ ಮೇಜಿನ ಮೇಲಿಟ್ಟಳು. ವಿದ್ಯಾರ್ಥಿ ಎಣಿಸಬೇಕು, ವಿಶಾಲಾಕ್ಷಿಯವರು ತಾಳೆ ನೋಡಿ ಸಹಿ ಹಾಕಬೇಕು, ಆಮೇಲೆ ವಕೀಲರು ನಂಬಬೇಕು. ಇದು ನಮ್ಮ ಕ್ರಮ. ವಿಶಾಲಾಕ್ಷಿಯವರು ಕಡತ ತೆಗೆದು ಅದೇ ಹಾಳೆ ನೋಡಿದರು. ಸತ್ತ ದಿನವೆಂದರೆ ತಿಥಿ ಎಂದು ಹುಟ್ಟಿದಾಗಿನಿಂದ ಎಣಿಸಿದ ಕಣ್ಣು. ಹತ್ತನೆಯ ಸಾಲು, ಜೂನ್ ಇಪ್ಪತ್ತಮೂರು, ಸರಿ. ಸಹಿ ಹಾಕಿದರು.

ದಾಳಿ ನಡೆದ ತಾರೀಖು ಜೂನ್ ಹದಿನಾಲ್ಕು. ಕಾನೂನಿಗೆ ತಿಥಿ ಗೊತ್ತಿಲ್ಲ.

ದಾವೆ ಸಲ್ಲಿಕೆಯಾದದ್ದು ಜೂನ್ ಇಪ್ಪತ್ತೆರಡಕ್ಕೆ. ಒಂದು ದಿನ ಮೊದಲೇ ಮುಗಿಸಿದೆವೆಂದು ಕಚೇರಿಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದೆವು. ಆರು ವಾರದ ಮೇಲೆ ಬ್ಯಾಂಕಿನ ವಕೀಲರಿಂದ ಮೂರೇ ಪುಟದ ಉತ್ತರ ಬಂತು. ದಾವೆ ಎಂಟು ದಿನ ತಡ, ವಜಾ ಮಾಡಬೇಕು. ವಿಶಾಲಾಕ್ಷಿಯವರು ಎದ್ದು ಹೋಗಿ ಕಡತ ತಂದು, ಒಂದು ಕೈಯಲ್ಲಿ ಆ ಕಾಗದ, ಇನ್ನೊಂದು ಕೈಯಲ್ಲಿ ತಾವೇ ಹಾಳೆ ಅಂಟಿಸಿದ್ದ ಕಡತ ಹಿಡಿದು, ಎರಡರ ತಾರೀಖನ್ನೂ ತಾಳೆ ನೋಡಿದರು. ರಂಜಿನಿ ಓಡಿ ಬಂದಳು. ತಪ್ಪು ನನ್ನದು, ನ್ಯಾಯಾಧೀಶರಿಗೆ ನಾನೇ ಬರೆಯುತ್ತೇನೆ ಎಂದು ಇಂಗ್ಲಿಷಿನಲ್ಲಿ ಬಿಕ್ಕಿದಳು.

"ಎಣಿಸಿದಾಕಿ ನೀನು, ಸಹಿ ಮಾಡಿದಾಕಿ ನಾನು," ಎಂದರು ವಿಶಾಲಾಕ್ಷಿಯವರು. "ಕೋರ್ಟು ಸಹಿ ನೋಡ್ತದ. ನೀ ಕೂಡು."

"ಆಂಟಿ, ಪ್ಲೀಸ್..."

"ಕೂಡು ಅಂದೆ."

ನ್ಯಾಯಾಲಯಕ್ಕೆ ಬರೆದುಕೊಟ್ಟ ಪ್ರಮಾಣಪತ್ರದಲ್ಲಿ ಅವರು ರಂಜಿನಿಯ ಕೆಲಸವನ್ನು ಮುಚ್ಚಿಡಲಿಲ್ಲ, ಸುಳ್ಳು ಅವರಿಗೆ ಬರುವುದಿಲ್ಲ. ಆದರೆ ತಾಳೆ ನೋಡುವ ಹೊಣೆ ತಮ್ಮದು, ನೋಡಬೇಕಾದ ಕಾಗದ ನೋಡಲಿಲ್ಲ ಎಂದು ನಾಲ್ಕು ಪ್ಯಾರಾ ಬರೆದರು. ತಪ್ಪು ಪ್ರಾಮಾಣಿಕವಾದದ್ದು, ಆದರೂ ಕಾಲಮಿತಿ ಕಾಲಮಿತಿಯೇ ಎಂದು ನ್ಯಾಯಾಧೀಶರು ದಾವೆ ವಜಾ ಮಾಡಿದರು. ಮೇಲ್ಮನವಿಯೂ ಬಿದ್ದುಹೋಯಿತು. ನಲವತ್ತೊಂದು ಪುಟವನ್ನು ಯಾರೂ ತೆರೆದು ನೋಡಲಿಲ್ಲ.

ಸುದ್ದಿ ಹೇಳಲು ವಕೀಲರು ಹೋಗಲಿ ಎಂದರೆ ಕೇಳದೆ, ವಿಶಾಲಾಕ್ಷಿಯವರೇ ಕಾರು ಓಡಿಸಿಕೊಂಡು ಶೋರ್‌ಲೈನ್‌ಗೆ ಹೋದರು. ಶ್ರೀಮತಿ ಕೆಸ್ಲರ್ ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ. "ಹಾಗಾದರೆ ಇನ್ನು ನನ್ನನ್ನು ಅವನ ಬಗ್ಗೆ ಯಾರೂ ಕೇಳುವುದಿಲ್ಲ, ಅಲ್ಲವೇ?" ಎಂದರು. ವಿಶಾಲಾಕ್ಷಿಯವರು ಹೌದೆಂದರು. ಮುದುಕಿ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು. ಇವರು ಒಂದು ಗಂಟೆ ಕಾದು, ತಾವೇ ಹೊರಬಾಗಿಲು ಎಳೆದುಕೊಂಡು ಬಂದರು.

ಎಲ್ಲರಿಂದಲೂ ತಪ್ಪಾಗುತ್ತದೆ ಎಂದು ಶ್ರೀಪತಿಯವರು ಸಮಾಧಾನ ಹೇಳಿದಾಗ ಅವರು ಕೊಟ್ಟ ಉತ್ತರ ನಮಗೆ ಶ್ರೀಪತಿಯವರಿಂದಲೇ ತಿಳಿಯಿತು. "ಬ್ಯಾಡಂತ ಕೂತಿದ್ಲು ಆಕಿ. ಏಳು ಸಲ ಹೋಗಿ ಆಸೆ ಹಚ್ಚಿದಾಕಿ ನಾನು. ಆಸೆ ಹಚ್ಚದ ಬಿಟ್ಟಿದ್ರ, ಆಕಿಗೆ ಒಂದಽ ದುಃಖ ಇರ್ತಿತ್ತು."

ಕೋಟೆ ಕೊಳ್ಳೆ ಹೋದ ಮೇಲೆ ಬಾಗಿಲು ಹಾಕಿದರೆಂಬಂತೆ, ಕಚೇರಿಯಲ್ಲಿ ಈಗ ಗಡುವನ್ನು ಮೂವರು ಎಣಿಸುತ್ತಾರೆ, ಜೊತೆಗೆ ಕಂಪ್ಯೂಟರೂ ಎಣಿಸುತ್ತದೆ. ವಿಶಾಲಾಕ್ಷಿಯವರು ಒಂದು ವಾರ ಕುಳಿತು, ನೂರಾ ಮೂವತ್ತು ಕಡತಗಳ ಮುಖಪುಟದ ಹಾಳೆಗಳನ್ನು ಒಂದೊಂದಾಗಿ ತಾವೇ ಕಿತ್ತು ಹಾಕಿದರು. ಪದ್ಧತಿ ಒಳ್ಳೆಯದು, ಬೇರೆ ಕಡೆ ಅಂಟಿಸೋಣ ಎಂದೆವು. ಕೇಳಲಿಲ್ಲ. ಈಗ ಮನೆಯವರಿಗೆ ಕಂಪ್ಯೂಟರು ತಾರೀಖಿಗೆ ಸರಿಯಾಗಿ ಒಂದು ಪತ್ರ ಕಳಿಸುತ್ತದೆ. ಯಾರೂ ಅತ್ತ ಸುದ್ದಿಯಿಲ್ಲ. ರಂಜಿನಿ ವಕೀಲೆಯಾದಳು. ಇನ್ನೊಂದು ರಾಜ್ಯದಲ್ಲಿ ಮನೆ ಮಾರಾಟದ ಕಾಗದಪತ್ರ ನೋಡುತ್ತಾಳೆ. ಈ ಸಂಪುಟಕ್ಕೆ ಬರೆಯಲು ಕೇಳಿದೆವು, ಆಗುವುದಿಲ್ಲ ಎಂದಳು. ಅವಳನ್ನಾದರೂ ಈ ಕೆಲಸಕ್ಕೆ ಉಳಿಸಿಕೊಂಡೆವು ಎಂದುಕೊಂಡಿದ್ದೆವು, ಅದೂ ಸುಳ್ಳಾಯಿತು.

ಶ್ರೀಮತಿ ಕೆಸ್ಲರ್ ಅವರಿಗೂ ಬರೆದಿದ್ದೆವು, ಉತ್ತರದ ನಿರೀಕ್ಷೆಯಿಲ್ಲದೆ. ಕಳೆದ ತಿಂಗಳು ಒಂದು ಲಕೋಟೆ ಬಂತು, ಒಳಗೆ ಚಿಕ್ಕ ಕಾಗದ, ನಡುಗುವ ಅಕ್ಷರ. "ಅವಳು ನನಗೆ ಬಹಳ ಒಳ್ಳೆಯವಳಾಗಿದ್ದಳು. ಒಳ್ಳೆಯತನ ನನಗೆ ಬೇರೆಯವರಿಂದಲೂ ಸಿಗುತ್ತಿತ್ತು. ಅವಳಿಂದ ನನಗೆ ಬೇಕಾಗಿದ್ದದ್ದು ಎಚ್ಚರ." ಇಷ್ಟೇ. ಇದನ್ನು ಅಚ್ಚು ಹಾಕುವುದು ಹೇಗೆಂದು ನಾವು ತಲೆ ಕೆಡಿಸಿಕೊಂಡಿದ್ದಾಗ ವಿಶಾಲಾಕ್ಷಿಯವರು ಕಾಗದ ಇಸಿದುಕೊಂಡು ಎರಡು ಬಾರಿ ಓದಿದರು. "ಇಷ್ಟು ವರ್ಷದಾಗ ನನ್ನ ಬಗ್ಗೆ ಸರಿಯಾಗಿ ಬರದಾಕಿ ಇಕಿ ಒಬ್ಬಾಕಿನ," ಎಂದರು. "ಒಂದಕ್ಷರ ತಿದ್ದಬ್ಯಾಡ್ರಿ." ಕಾಗದವನ್ನು ಮಡಿಸಿ, ಲಕೋಟೆಗೆ ಸೇರಿಸಿ ವಾಪಸು ಕೊಟ್ಟರು. ನಾವು ಪುಟಗಳ ಲೆಕ್ಕ ಮಾತಾಡಿದೆವು.

ವಿಶಾಲಾಕ್ಷಿಯವರೇ, ನಿಮಗೆ ಆಯುಸ್ಸು ಇರಲಿ, ಕೈಯಲ್ಲಿ ಕೆಲಸ ಇರಲಿ, ನೀವು ಕಲಿಸಿದ ಇನ್ನೂರು ಜನ ನಿಮ್ಮ ಹೆಸರು ಹೇಳಿಕೊಂಡು ಬಾಳಲಿ. ಇಷ್ಟನ್ನು ಹಾರೈಸುವ ಅಧಿಕಾರ ನಮಗಿದೆ. ನೆಮ್ಮದಿಯನ್ನೂ ಹಾರೈಸಬೇಕೆಂದು ಆಸೆ ಇತ್ತು. ಅದನ್ನು ಕೊಡಬಲ್ಲವರು ಶೋರ್‌ಲೈನ್‌ನಲ್ಲಿದ್ದಾರೆ, ಅವರು ಕೊಟ್ಟಿಲ್ಲ, ಕೊಡಿ ಎಂದು ನೀವೂ ಕೇಳಿಲ್ಲ.