ಕಲ್ಲವ್ವನ ಭಂಡಾರ

ಇವತ್ತು ಬೆಳಿಗ್ಗೆ ಚಳಿಯೆಂದು ಸ್ವೆಟರ್ ಹುಡುಕಲು ಕಪಾಟು ತೆಗೆದೆ. ಸ್ವೆಟರಿನ ಮಡಿಕೆಯೊಳಗಿಂದ ಕಾಗದದ ಪೊಟ್ಟಣವೊಂದು ಜಾರಿ ಬಿತ್ತು, ಎತ್ತಿಕೊಂಡೆ. ಕೋಣೆ ತುಂಬ ಅರಿಶಿನದ ವಾಸನೆ, ಅಂಗೈಯೆಲ್ಲ ಹಳದಿ. ಜೇಜುರಿಯ ಖಂಡೋಬಾನ ಗುಡಿಯ ಅರಿಶಿನಪುಡಿ, ಭಂಡಾರ! ಗುಡಿಯ ಮೆಟ್ಟಿಲು ಹತ್ತದ ನನ್ನಂಥವನ ಸ್ವೆಟರಿನಲ್ಲಿ ಅದೇನು ಕೆಲಸ ಎಂದು ನೀವು ಕೇಳಬಹುದು. ಅದು ಕಲ್ಲವ್ವ ಇಡಲು ಕೊಟ್ಟದ್ದು.

ಕಲ್ಲವ್ವ ಯಾದಗಿರಿ ಕಡೆಯವಳು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಪುಣೆಗೆ ಬಂದವಳು, ಈಗ ಹದಿನಾಲ್ಕು ವರ್ಷದಿಂದ ಖರಾಡಿಯ ನಮ್ಮ ಮನೆಗೆ ರೊಟ್ಟಿ ಬಡಿಯಲು ಬರುತ್ತಾಳೆ. ನಮ್ಮ ವಾರ್ಡಿನ ನಗರಸೇವಕ, ಅಂದರೆ ಕಾರ್ಪೊರೇಟರ್, ಅವಳು ಮಾಡಿಕೊಂಡ ಅಣ್ಣ. ವರ್ಷಾ ವರ್ಷಾ ರಾಖಿ ಕಟ್ಟುತ್ತಿದ್ದಳು. ಆತ ಸರ್ಕಾರಿ ಜಾಗ ನುಂಗಿ, ಕೇಳಲು ಬಂದ ಅಧಿಕಾರಿಗೆ ಹೊಡೆದು ಜೈಲಿಗೆ ಹೋಗಿ ಬಂದಾಗ ನಾನು ಅವಳಿಗೆ ಕಾಯ್ದೆಯ ಬಗ್ಗೆ ಭಾಷಣ ಬಿಗಿದೆ. ಎಲ್ಲಿ ಕೂತು? ಪರವಾನಗಿ ಇಲ್ಲದೆ ಗಾಜು ಹಾಕಿಸಿ ಅಡುಗೆಮನೆಗೆ ಸೇರಿಸಿಕೊಂಡ ಬಾಲ್ಕನಿಯಲ್ಲಿ!

"ಕಾಯ್ದೆ ನಮ್ಮ ಓಣಿಗಿ ಬಂದಾಗೆಲ್ಲ ಜೆಸಿಬಿ ತಗೊಂಡೇ ಬಂದದ ರೀ ಕಾಕಾ," ಎಂದಳು ರೊಟ್ಟಿ ತಿರುವುತ್ತ. "ನನ್ನ ಗಂಡ ಮೂರನೇ ಮಜಲಿನಿಂದ ಬಿದ್ದಾಗ ಠೇಕೇದಾರ ಓಡಿ ಹ್ವಾದ. ಅಣ್ಣ ತನ್ನ ಗಾಡ್ಯಾಗ ಹಾಕ್ಕೊಂಡು, ಸಿಗ್ನಲ್ ಗಿಗ್ನಲ್ ನೋಡ್ಲಾರ್ದ, ಉಲ್ಟಾ ರಸ್ತಾದಾಗ ದವಾಖಾನಿಗಿ ಒಯ್ದ. ಕಾಯ್ದೆ ಪ್ರಕಾರ ಹೋಗಿದ್ರ ಅವ ಉಳೀತಿದ್ದಿಲ್ರಿ."

ನಾನು ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡೆ.

ಮುಂದೆ ಚುನಾವಣೆ ಬಂತು. ಮತದಾನದ ಮರುದಿನ ಕಲ್ಲವ್ವ ಬಂದವಳೇ ಹಿಟ್ಟು ಮುಟ್ಟದೆ ಕೂತುಬಿಟ್ಟಳು. ಕಣ್ಣು ಕೆಂಪಗಾಗಿದ್ದವು. ಮತದಾನಕ್ಕೆ ಮುಂಚೆ ಅಣ್ಣ ಭಂಡಾರದ ತಾಟು ಹಿಡಿದು ಅವಳ ಓಣಿಗೆ ಬಂದಿದ್ದನಂತೆ. ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ, ಭಂಡಾರ ಮುಟ್ಟಿಸಿ, ತನಗೇ ಓಟು ಹಾಕುವುದಾಗಿ ಆಣೆ ಮಾಡಿಸಿದನಂತೆ. ಜೇಜುರಿಯ ಖಂಡೋಬಾ ಎಂದರೆ ಕಲ್ಲವ್ವನಿಗೆ ತನ್ನೂರಿನ ದೇವರು ಮಲ್ಲಯ್ಯನೇ.

"ನನ್ನ ಪಾಳಿ ಬಂದಾಗ, ‘ನೀ ಬ್ಯಾಡವಾ ತಂಗಿ’ ಅಂತಾನ ಅನ್ಕೊಂಡಿದ್ದೆ ರೀ. ತಾಟು ಮುಂದ ಹಿಡದ. ಜೋರಾಗಿ ಹೇಳು ಅಂದ."

"ಮತ್ತ ಓಟು?"

"ಅವಗೇ ಹಾಕ್ದೆ. ಮಲ್ಲಯ್ಯನ ಆಣಿ ತಪ್ಪಾಕ ಬರ್ತದೇನ್ರಿ? ಅದು ದೇವರಿಗಿ ಹಾಕಿದ್ದು. ಅಣ್ಣ ಅನ್ನೋದು ಮುಗೀತು."

ಸೆರಗಿನ ಗಂಟು ಬಿಚ್ಚಿ, ಆಣೆಯಾದ ಮೇಲೆ ಅವನು ಕೈಗಿಟ್ಟ ಭಂಡಾರದ ಪೊಟ್ಟಣ ಕೊಟ್ಟಳು. "ನೋಡಿದ್ರ ಸಂಕಟಾಗ್ತದ. ಚೆಲ್ಲಾಕ ಬರಂಗಿಲ್ಲ. ನಿಮ್ಮಲ್ಲೇ ಇರ್ಲಿ."

ಆತ ಗೆದ್ದ. ಜೈಲಿಗೆ ಹೋದವನನ್ನೂ ಜನ ಯಾಕೆ ಬಿಡುವುದಿಲ್ಲ ಎಂದು ಟಿವಿಯಲ್ಲಿ ಪಂಡಿತರು ಗಂಟೆಗಟ್ಟಲೆ ಕೊರೆದರು. ಮುಂದಿನ ರಾಖಿಗೆ ಕಲ್ಲವ್ವ ಅವನ ಮನೆಗೆ ಹೋಗಲಿಲ್ಲ. ಹಬ್ಬದ ದಿನವೂ ನಮ್ಮಲ್ಲೇ ರೊಟ್ಟಿ ಬಡಿಯುತ್ತ ಕೂತಿದ್ದಳು, ಪಾಪ.

ಇದನ್ನೆಲ್ಲ ನೆನೆಯುತ್ತ ನಿಂತಿದ್ದಾಗ ಬಾಗಿಲ ಗಂಟೆ ಬಡಿಯಿತು. ಅವಳೇ. ನನ್ನ ಕೈ ತಾನಾಗಿ ಕೀಲಿಕೈಗೆ ಹೋಯಿತು. ಹದಿನಾಲ್ಕು ವರ್ಷದ ರೂಢಿ ನೋಡಿ: ಕಲ್ಲವ್ವ ಬಂದ ಸಪ್ಪಳ ಕೇಳಿದರೆ ಮೊದಲು ಕಪಾಟಿಗೆ ಕೀಲಿ, ಆಮೇಲೆ ಬಾಗಿಲು. ಅವಳನ್ನು ನಂಬದೆ ದಿನಾಲೂ ನಾನೂ ಅವಳ ಮುಂದೆ ತಾಟು ಹಿಡಿದವನೇ ಅಲ್ಲವೆ? ಭಾರಿ ನಾಚಿಕೆಯಾಯಿತು. ಕಪಾಟು ಹಾಗೇ ಬಿಟ್ಟು, ಹಳದಿ ಕೈಯಲ್ಲೇ ಹೋಗಿ ಬಾಗಿಲು ತೆಗೆದೆ.

ಒಳಗೆ ಬಂದವಳು ಕೋಣೆಯಲ್ಲಿ ತೆರೆದಿದ್ದ ಕಪಾಟಿನ ಕಡೆ ನೋಡಿ ನಿಂತಳು.

"ಕಾಕಾ, ಇವತ್ತ ಕೀಲಿ ಹಾಕೋದು ಮರ್ತೀರಿ."

"ಇಲ್ಲವಾ," ಎಂದೆ. "ಮರ್ತಿಲ್ಲ."