ಜೋಡಿ ಮತ್ತಿಮರದವರೆಗೆ ಒಂದು ವಿಹಾರ

ಪ್ರಕೃತಿಯ ಮಡಿಲಲ್ಲಿ ನಾಲ್ಕು ಹೆಜ್ಜೆ ನಡೆದರೆ ಮನುಷ್ಯನ ಅಹಂಕಾರ ಕರಗಿ, ಹುಟ್ಟುಸಾವುಗಳ ಮರ್ಮ ತಾನಾಗಿ ತಿಳಿಯುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಹೀಗೆ ಹೇಳುವವರೆಲ್ಲ ಜೀಪಿನಲ್ಲಿ ಕೂತು ಹೋಗಿ ಬಂದವರು. ನಡೆದು ಹೋದವರಲ್ಲಿ ನಮ್ಮ ಭಾವ ಸಿದ್ದಮಲ್ಲಪ್ಪ ಒಬ್ಬರು. ಅವರನ್ನು ಆನೆ ತುಳಿಯಿತು.

ಭಾವ ಯಳಂದೂರಿನಾಚೆಯ ಕಾಡಿನಲ್ಲಿ ದಿನಗೂಲಿ ವಾಚರ್ ಆಗಿದ್ದರು. ಆ ಕಾಡಿಗೆ ಸರ್ಕಾರ ಕಾಲಕಾಲಕ್ಕೆ ಬೇರೆ ಬೇರೆ ಹೆಸರಿಟ್ಟಿದೆ. ನಮ್ಮೂರಿನವರು ಎಲ್ಲವನ್ನೂ ಸೇರಿಸಿ ನ್ಯಾಷನಲ್ ಪಾರ್ಕು ಎನ್ನುತ್ತಾರೆ. ಹೆಸರು ಬದಲಾದಾಗಲೆಲ್ಲ ಬೋರ್ಡಿಗೆ ಹೊಸ ಬಣ್ಣ ಬಂತು. ಆನೆಗಳಿಗೆ ಮಾತ್ರ ಯಾರೂ ತಿಳಿಸಲಿಲ್ಲ. ಭಾವನಿಗೆ ಬದುಕಿನಲ್ಲಿದ್ದ ಮಹತ್ವಾಕಾಂಕ್ಷೆ ಒಂದೇ: ಕಾಡು ಸುತ್ತುವುದನ್ನು ಬಿಟ್ಟು ಚೆಕ್‌ಪೋಸ್ಟಿನ ಗೇಟಿನಲ್ಲಿ ಕೂರುವುದು. ಅಲ್ಲಿ ಒಂದು ಕುರ್ಚಿ ಇದೆ, ತಗಡಿನ ಸೂರಿದೆ, ಬಸ್ಸು ಬಂದಾಗ ಹಗ್ಗ ಸಡಿಲ ಬಿಟ್ಟು ಗೇಟು ಎತ್ತಿದರೆ ಮುಗಿಯಿತು. "ಬರೋ ವರ್ಷ ನನ್ನ ಗೇಟಿಗೆ ಹಾಕ್ತಾರಂತೆ ಕಣ್ಲಾ ನಂಜುಂಡ" ಎಂದು ಪ್ರತಿ ಯುಗಾದಿಗೂ ನನಗೆ ಹೇಳುತ್ತಿದ್ದರು. ಬರೋ ವರ್ಷ ಎನ್ನುವುದು ಬರುವ ಜಾತಿಯದಲ್ಲ.

ನಮ್ಮ ಮನೆತನದಲ್ಲಿ ಒಂದು ಕಟ್ಟಳೆ ಇದೆ. ಊರಾಚೆ ಅಪಘಾತದಲ್ಲಿ ಸತ್ತವರ ದೇಹವನ್ನು ಮಣ್ಣು ಮಾಡಿದರೆ ಸಾಲದು. ಸತ್ತ ಜಾಗಕ್ಕೇ ಹೋಗಿ ನೀರು ಬಿಟ್ಟು, ಹೆಸರು ಹಿಡಿದು ಕೂಗಿ, ಅಲ್ಲಿಂದ ಒಂದು ಕಲ್ಲು ಎತ್ತಿಕೊಂಡು ಬರಬೇಕು. ತರುವಾಗ ಹಿಂದಕ್ಕೆ ತಿರುಗಿ ನೋಡಬಾರದು, ಕಲ್ಲನ್ನು ದಾರಿಯಲ್ಲಿ ನೆಲಕ್ಕೆ ತಾಗಿಸಬಾರದು. ತಾಗಿದರೆ ಅವರು ಅಲ್ಲೇ ನಿಂತುಬಿಡುತ್ತಾರೆ. ಹೊಲದ ಸಮಾಧಿಯ ಮೇಲೆ ಕಲ್ಲಿಟ್ಟ ಮೇಲೆ ಅವರು ಮನೆಗೆ ಬಂದಂತೆ. ಭಾವ ಸತ್ತಾಗ ಆ ಆನೆ ಅಲ್ಲೇ ಸುತ್ತುತ್ತಿದೆ ಎಂದು ನಮ್ಮನ್ನು ಬಿಡಲಿಲ್ಲ. ಆಮೇಲೆ ಮಳೆ ಹಿಡಿಯಿತು. ಅದಾದ ಮೇಲೆ ಕಾಡಿಗೆ ಬೆಂಕಿ ಬೀಳುವ ಕಾಲ ಎಂದರು. ಹೀಗೆ ಎರಡು ವರ್ಷ ಕಳೆಯಿತು.

ಆ ಎರಡು ವರ್ಷವೂ ನಮ್ಮಕ್ಕ ಗೌರಮ್ಮ ಮುಳ್ಳೂರಿನ ಮನೆಯ ಮುಂಬಾಗಿಲಿಗೆ ಚಿಲಕ ಹಾಕಲಿಲ್ಲ. ಇನ್ನೂ ಬರಬೇಕಾದವರು ಆಚೆ ಇದ್ದಾರೆ, ಚಿಲಕ ಹಾಕುವುದು ಹೇಗೆ ಎಂಬುದು ಅವಳ ವಾದ. ಇದರಿಂದ ಬೀದಿಯ ನಾಯಿಗಳಿಗೆ ಬಹಳ ಅನುಕೂಲವಾಯಿತು. ಒಂದು ತಾಮ್ರದ ಹಂಡೆಯೂ ಹೋಯಿತು. ನಾನು ಕೊಳ್ಳೇಗಾಲದಲ್ಲಿ ಗುಮಾಸ್ತನಾಗಿ ನಿವೃತ್ತನಾದವನು, ಅರ್ಜಿಗಳ ಮೇಲೆ ನನಗೆ ಭಕ್ತಿ. ವಿಷಯವನ್ನು ವಿವರವಾಗಿ ಬರೆದು ಅರಣ್ಯ ಇಲಾಖೆಯ ಕಚೇರಿಯೊಂದಕ್ಕೆ ತೆಗೆದುಕೊಂಡು ಹೋದೆ. ಅಲ್ಲಿ ಕೂತಿದ್ದವರು ಓದಿ, ಸಂಕಟಪಟ್ಟು, "ಕಾಡೊಳಗೆ ಕರ್ಮಾಂತರಕ್ಕೆ ಬಿಡೋಕೆ ರೂಲ್ಸ್ ಇಲ್ಲ ಸರ್. ಟೂರಿಸ್ಟ್ ಆಗಿ ಬನ್ನಿ, ನೇಚರ್ ವಾಕ್ ಇದೆ" ಎಂದರು. ಶೋಕಕ್ಕೆ ಇಲ್ಲದ ದಾರಿ ವಿನೋದಕ್ಕೆ ಇತ್ತು. ನಾವು ವಿನೋದಕ್ಕೆ ಹೊರಟೆವು.

ಕಾರ್ತೀಕದ ಒಂದು ಬೆಳಿಗ್ಗೆ ಹೊರಟದ್ದು. ಊರಿಗೆಲ್ಲ ರಜಾ ಕಳೆಯಲು ಹೋಗುತ್ತಿದ್ದೇವೆ ಎಂದು ಹೇಳಿದ್ದೆವು. ಕೌದಳ್ಳಿಯಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಅದನ್ನು ಕೇಳಿ ಫೋನಿನಲ್ಲೇ ಮುನಿಸಿಕೊಂಡ. "ಕಾಡ್ ನೋಡಕ್ಕೆ ಯಳಂದೂರ್ಗ್ ಯಾಕ್ಲಾ ಓಯ್ತೀರಿ? ನಮ್ ಹನೂರ್ ಕಡೀಕೆ ಕಾಡಿಲ್ವಾ? ಆನೆ ಇಲ್ವಾ?" ನಿಮ್ಮ ಆನೆ ನಮ್ಮವರನ್ನು ತುಳಿದಿಲ್ಲ ಎಂದು ಹೇಳುವಂತಿರಲಿಲ್ಲ. ಮುಂದಿನ ಸಲ ಖಂಡಿತ ಎಂದೆ.

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಎದುರು ಇಡ್ಲಿ ತಿಂದೆವು. ಇಡ್ಲಿ ಬಿಸಿಯಾಗಿತ್ತು ಎನ್ನುವುದಷ್ಟೇ ಅದರ ಬಗ್ಗೆ ಹೇಳಬಹುದಾದ ಒಳ್ಳೆಯ ಮಾತು. ಯಳಂದೂರಿನ ಬಸ್ಸಿನಲ್ಲಿ ಅಕ್ಕ ಆಧಾರ್ ಕಾರ್ಡು ತೋರಿಸಿ ಉಚಿತವಾಗಿ ಕೂತಳು. ಗಂಡಸಾಗಿ ಹುಟ್ಟಿದ ತಪ್ಪಿಗೆ ನಾನು ಟಿಕೆಟ್ಟು ಕೊಂಡೆ. ಯಳಂದೂರಿನಲ್ಲಿ ಇಳಿದು ಬೆಟ್ಟದ ಬಸ್ಸಿಗೆ ಬಹಳ ಹೊತ್ತು ಕಾದೆವು. ಅಕ್ಕನ ಮಡಿಲಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಮನೆಯ ಬಾವಿಯ ನೀರು ತುಂಬಿದ ಹಿತ್ತಾಳೆ ತಂಬಿಗೆ, ಕಲ್ಲು ಸುತ್ತಲು ಭಾವನ ಹಳೆಯ ಟವಲು. ಚೆಕ್‌ಪೋಸ್ಟಿನಲ್ಲಿ ಗಾರ್ಡ್ ಹತ್ತಿ ಪ್ಲಾಸ್ಟಿಕ್ ಇದೆಯೇ, ಬಾಟಲಿ ಇದೆಯೇ ಎಂದು ಎಲ್ಲರ ಚೀಲ ಮುಟ್ಟಿ ನೋಡಿದ. ತಂಬಿಗೆ ಮುಟ್ಟಿ ಸಂತೋಷಪಟ್ಟು, "ಇಂಗಿರ್ಬೇಕು ನೋಡ್ರಿ" ಎಂದು ಬಸ್ಸಿಗೆಲ್ಲ ತೋರಿಸಿದ. ಅಕ್ಕ ಕಿಟಕಿಯಿಂದ ಗೇಟನ್ನೂ ಸೂರನ್ನೂ ನೋಡುತ್ತಿದ್ದಳು.

"ಕುರ್ಚಿ ಪ್ಲಾಸ್ಟಿಕ್ಕು ಕಣ್ಲಾ" ಎಂದಳು. "ಅವ್ರು ಮರದ್ದು ಅಂದಿದ್ರು."

ನಾವು ತಂಗಿದ ವಸತಿಗೃಹದ ಮ್ಯಾನೇಜರು ಹಸಿರು ಟೊಪ್ಪಿಗೆಯ ಉತ್ಸಾಹಿ. ಗೋಡೆಯ ಮೇಲಿನ ನಕ್ಷೆಗೆ ಕೋಲು ತಾಗಿಸಿ ನಡಿಗೆಯ ದಾರಿಗಳನ್ನು ವರ್ಣಿಸಿದ. ಒಂದು ವ್ಯೂ ಪಾಯಿಂಟಿಗೆ, ಇನ್ನೊಂದು ಹುಲ್ಲುಗಾವಲಿಗೆ, ಮತ್ತೊಂದು ಹಳ್ಳದ ದಾರಿ. ರಜಾದಿನಕ್ಕೆ ರಮ್ಯವಾದ ದಾರಿ ಆರಿಸಿಕೊಳ್ಳುವ ಗಂಭೀರ ಹೊಣೆ ನಮ್ಮ ಮೇಲೆ ಬಿತ್ತು. ಭಾವ ಬಿದ್ದದ್ದು ಹಳ್ಳ ದಾಟಿದ ಮೇಲೆ ಸಿಗುವ ಜೋಡಿ ಮತ್ತಿಮರದ ಬುಡದಲ್ಲಿ ಎಂಬುದು ನಮಗೆ ಗೊತ್ತಿತ್ತು. ಆ ಮರಗಳ ಕೆಳಗೆ ಕೂತು ಬುತ್ತಿ ಬಿಚ್ಚುವುದನ್ನು ಅವರೇ ಎಷ್ಟೋ ಸಲ ಹೇಳಿದ್ದರು.

"ಹಳ್ಳದ ದಾರಿ" ಎಂದೆ.

"ಅಯ್ಯೋ ಸರ್, ಅಲ್ಲಿ ನೋಡೋಕೆ ಏನೂ ಇಲ್ಲ. ಬರೀ ಲಂಟಾನ ಪೊದೆ. ವ್ಯೂ ಪಾಯಿಂಟ್ ಹೋಗಿ, ಸನ್‌ಸೆಟ್ ಸೂಪರಾಗಿರುತ್ತೆ."

"ಸೂರ್ಯ ಮುಳ್ಳೂರಲ್ಲೂ ಮುಳುಗ್ತಾನೆ ಕಣಪ್ಪ" ಎಂದಳು ಅಕ್ಕ. "ಬೇಕಾದಷ್ಟು ನೋಡಿವ್ನಿ."

ಆದರೆ ಹಳ್ಳದ ದಾರಿಗೆ ಬೆಳಿಗ್ಗೆ ಮಾತ್ರ ಬಿಡುತ್ತಾರಂತೆ. ಸುಮ್ಮನೆ ಕೂತರೆ ಅನುಮಾನ ಬಂದೀತೆಂದು ಸಂಜೆ ಉಳಿದ ಪ್ರವಾಸಿಗಳ ಜೊತೆ ವ್ಯೂ ಪಾಯಿಂಟಿಗೆ ನಡೆದೆವು. ಅಲ್ಲಿ ಮಂಜು ಕವಿದಿತ್ತು. ಕೆಳಗೆ ಏನಿತ್ತೋ ಕಾಣಲಿಲ್ಲ, ಸೂರ್ಯ ಯಾವ ಕಡೆ ಮುಳುಗಿದ ಎಂಬುದೂ ತಿಳಿಯಲಿಲ್ಲ. ಆದರೂ ಎಲ್ಲರೂ ಫೋಟೊ ತೆಗೆದುಕೊಂಡರು. ಮೈಸೂರಿನ ಹೆಂಗಸೊಬ್ಬರಿಗೆ ಅಕ್ಕನನ್ನು ಕಂಡು ಅಕ್ಕರೆ ಉಕ್ಕಿತು. "ಈ ವಯಸ್ಸಲ್ಲಿ ಇಷ್ಟು ಆಸಕ್ತಿ, ಮೆಚ್ಚಬೇಕು ಅಮ್ಮ. ಯಜಮಾನ್ರು ಬರಲಿಲ್ವಾ?"

"ಅವ್ರು ಮೊದ್ಲೇ ಬಂದವ್ರೆ" ಎಂದಳು ಅಕ್ಕ.

"ಹೌದಾ? ರೂಮಲ್ಲಿದ್ದಾರಾ?"

"ಕಾಡಲ್ಲವ್ರೆ."

ಆ ಹೆಂಗಸು ಸಂತೋಷದಿಂದ ನಕ್ಕು, ಗಂಡಸರೇ ಹಾಗೆ ಎಂದರು. ರಾತ್ರಿಯ ಊಟಕ್ಕೆ ಚಪಾತಿ, ಪನೀರು, ಹಪ್ಪಳ. ಮುದ್ದೆ ಇರಲಿಲ್ಲ. ಅಕ್ಕ ಮೊಸರನ್ನ ಕಲಸಿಕೊಂಡು ತಿಂದಳು.

ಬೆಳಿಗ್ಗೆ ನಮ್ಮನ್ನು ಕರೆದೊಯ್ಯಲು ಬಂದವನು ಜಡೇಗೌಡ ಎಂಬ ವಾಚರ್. ಹಳ್ಳದ ದಾರಿಗೆ ಬೇರೆ ಯಾರೂ ಬಂದಿರಲಿಲ್ಲ. ಕಾಡಿನ ಬಾಯಿಯಲ್ಲಿ ನಿಲ್ಲಿಸಿ ನಿಯಮಗಳನ್ನು ಒಪ್ಪಿಸಿದ: ಎಲೆ ಕೀಳಬಾರದು, ಏನನ್ನೂ ಬಿಸಾಡಬಾರದು, ಏನನ್ನೂ ಎತ್ತಿಕೊಳ್ಳಬಾರದು, ಎಲ್ಲಕ್ಕಿಂತ ಮುಖ್ಯವಾಗಿ ಗಟ್ಟಿಯಾಗಿ ಮಾತಾಡಬಾರದು. "ಮರಿ ಆಕಿರೋ ಆನೆ ಅವೆ ಸಾ ಈ ಕಡೀಕೆ." ನಾವು ಮಾಡಲು ಬಂದಿದ್ದ ಕೆಲಸಗಳನ್ನೆಲ್ಲ ಒಂದೂ ಬಿಡದೆ ನಿಷೇಧಿಸಿ ಅವನು ಮುಂದೆ ನಡೆದ.

ಮ್ಯಾನೇಜರು ಸುಳ್ಳು ಹೇಳಿರಲಿಲ್ಲ. ದಾರಿಯುದ್ದಕ್ಕೂ ಲಂಟಾನ, ಅದರ ಮೇಲೆ ಇಬ್ಬನಿ, ಅಲ್ಲಲ್ಲಿ ಆರಿದ ಲದ್ದಿ. ನೋಡಲೇನೂ ಇಲ್ಲದ ದಾರಿಯಲ್ಲಿ ಗಿರಾಕಿಗೆ ಬೇಸರವಾಗಬಾರದೆಂದು ಜಡೇಗೌಡ ಪಿಸುದನಿಯಲ್ಲಿ ಕಥೆ ಹೇಳುತ್ತಾ ಬಂದ. ಹಳ್ಳದಲ್ಲಿ ಮೊಣಕಾಲಿನ ಕೆಳಗೆ ನೀರಿತ್ತು. ಅಕ್ಕನ ಕೈ ಹಿಡಿದು ದಾಟಿಸಿದೆ. ಆಚೆ ದಡ ಹತ್ತಿದರೆ, ಒಂದೇ ಬುಡದಿಂದ ಎದ್ದಂತೆ ಕಾಣುವ ಎರಡು ಮತ್ತಿಮರ. ತೊಗಟೆ ಮೊಸಳೆಯ ಮೈಯಂತೆ ಸೀಳು ಸೀಳು.

ಜಡೇಗೌಡ ನಿಂತ. ಇದು ಅವನ ಅತ್ಯುತ್ತಮ ಕಥೆಯ ಜಾಗ ಎಂದು ಮುಖದಲ್ಲೇ ಗೊತ್ತಾಗುತ್ತಿತ್ತು.

"ಇಲ್ಲೇ ಸಾ, ಒಬ್ಬ ವಾಚರ್‌ನ ಆನೆ ತುಳ್ದಿದ್ದು. ಫುಲ್ ಟೈಟಂತೆ. ಆನೆ ಎದ್ರುಗೆ ನಿಂತ್ಕಂಡು ಸಾಹೇಬ್ರಿಗೆ ಒಡ್ದಂಗೆ ಸಲೂಟ್ ಒಡ್ದ್ನಂತೆ!" ಎಂದು ತಾನೇ ಅಟೆನ್ಷನ್ನಿಗೆ ನಿಂತು ಸಲೂಟು ಹೊಡೆದು ತೋರಿಸಿದ. ಪ್ರವಾಸಿಗಳು ಇಲ್ಲಿ ನಗುತ್ತಾರೆ ಎಂದು ಕಾಣುತ್ತದೆ. ಅವನು ನಗುವಿಗೆ ಜಾಗ ಬಿಟ್ಟು ಕಾದ.

"ಅವ್ರು ಕುಡೀತಿರ್ನಿಲ್ಲ ಕಣಪ್ಪ" ಎಂದಳು ಅಕ್ಕ. "ಕಾಫೀನೂ ಕುಡೀತಿರ್ನಿಲ್ಲ."

ಜಡೇಗೌಡನ ಕೈ ಹಣೆಯ ಹತ್ತಿರವೇ ಉಳಿಯಿತು. ಅಕ್ಕನನ್ನು ನೋಡಿದ, ಅವಳು ಚೀಲದಿಂದ ತೆಗೆಯುತ್ತಿದ್ದ ತಂಬಿಗೆಯನ್ನು ನೋಡಿದ. "ನಾನು ಆಮೇಲೆ ಸೇರ್ಕಂಡವ್ನು ಕಣವ್ವಾ" ಎಂದ. "ಎಲ್ರೂ ಇಂಗೇ ಏಳೋರು. ನಾನೂ ಏಳ್ದೆ."

"ಇನ್ಮೇಲ್ ಏಳ್ಬ್ಯಾಡ."

"ಇಲ್ಲ ಕಣವ್ವಾ."

ಅಕ್ಕ ಮರದ ಬುಡಕ್ಕೆ ನೀರು ಬಿಟ್ಟಳು. ಇನ್ನು ಹೆಸರು ಕೂಗಬೇಕು. ಗಂಡನ ಹೆಸರನ್ನು ಅಕ್ಕ ಮದುವೆಯಾದಂದಿನಿಂದ ಬಾಯಲ್ಲಿ ಆಡಿದವಳಲ್ಲ. ಪಡಿತರ ಚೀಟಿ ಮಾಡಿಸುವಾಗಲೂ ಅಕ್ಕಪಕ್ಕದವರಿಂದ ಹೇಳಿಸಿದ್ದಳು. ಅವರಿಗೆ ಮಕ್ಕಳಿಲ್ಲ. ಆದ್ದರಿಂದ ಕೂಗುವ ಕೆಲಸ ನನ್ನದು ಎಂದು ಮೊದಲೇ ಮಾತಾಗಿತ್ತು. ನಾನು ಗಂಟಲು ಸರಿಮಾಡಿಕೊಂಡೆ. ಆದರೆ ಎದುರಿಗಿದ್ದ ಹಸಿರು ಫಲಕದಲ್ಲಿ ನಿಶ್ಶಬ್ದವಾಗಿರಿ ಎಂದು ಬರೆದಿತ್ತು. ಜೀವಮಾನವಿಡೀ ಫಲಕಗಳಿಗೆ ವಿಧೇಯನಾಗಿದ್ದವನ ಗಂಟಲು ಆ ಒಂದು ಬೆಳಿಗ್ಗೆ ಬದಲಾಗುವುದಿಲ್ಲ. "ಸಿದ್ದಮಲ್ಲಪ್ಪನವರೇ" ಎಂದೆ. ಪಕ್ಕದ ಮೇಜಿನಿಂದ ಫೈಲು ಕೇಳಿದಂತಿತ್ತು.

"ಗಟ್ಟಿಯಾಗಿ ಕೂಗ್ಲಾ" ಎಂದಳು ಅಕ್ಕ.

ಇನ್ನೊಮ್ಮೆ ಕೂಗಿದೆ. ಮೊದಲಿಗಿಂತ ಸಣ್ಣದಾಗಿ ಬಂತು.

"ನಿನ್ನ್ ದನಿಗೆ ಅಟ್ಟಿ ನಾಯೀನೂ ಎದ್ದ್ ಬರಾಕಿಲ್ಲ. ಸರಿ ಆ ಕಡೀಕೆ" ಎಂದಳು ಅಕ್ಕ. ಸೆರಗು ತಲೆಯ ಮೇಲೆ ಎಳೆದುಕೊಂಡು, ಲಂಟಾನದ ಕಡೆ ಮುಖ ಮಾಡಿ ನಿಂತಳು. ಆಮೇಲೆ, ಹೊಲದ ಈ ಬದುವಿನಿಂದ ಆ ಬದುವಿಗೆ ಊಟಕ್ಕೆ ಕರೆಯುವ ದನಿಯಲ್ಲಿ ಕೂಗಿದಳು.

"ಸಿದ್ದಮಲ್ಲಪ್ಪಾ! ಬನ್ನಿ, ಮನೇಗ್ ಓಗವಾ!"

ಆ ಹೆಸರು ಅವಳ ಬಾಯಲ್ಲಿ ಬೇರೆ ಯಾರದೋ ಹೆಸರಿನಂತೆ ಕೇಳಿಸಿತು. ಮರದ ಮೇಲಿನ ಮುಸುವ ಕೋತಿಗಳು ಕೂಗಿ ಎಚ್ಚರಿಕೆ ಕೊಟ್ಟವು. ಜಡೇಗೌಡ ಕೈಮುಗಿದು, "ಅವ್ವಾ, ಬ್ಯಾಡ ಕಣವ್ವಾ, ಮರಿ ಆನೆ ಅವೆ" ಎಂದು ಅಂಗಲಾಚಿದ. ಅಕ್ಕ ಎರಡನೆಯ ಸಲ ಕೂಗಿದಳು. ಮೂರನೆಯ ಸಲ ಕೂಗಿದಾಗ ಪೊದೆಯ ಒಳಗೆ, ದೂರವೂ ಅಲ್ಲದ ಹತ್ತಿರವೂ ಅಲ್ಲದ ಒಂದು ಕಡೆ, ಕೊಂಬೆಯೊಂದು ಲಟ್ಟನೆ ಮುರಿಯಿತು.

"ಬಂದ್ರು" ಎಂದಳು ಅಕ್ಕ.

"ಆನೆ ಕಣವ್ವಾ, ನಡೀರಿ!" ಎಂದ ಜಡೇಗೌಡ.

ಅಕ್ಕ ಬೇರಿನ ಸಂದಿಯಿಂದ ಒಂದು ಹಿಡಿಗಲ್ಲನ್ನು ಎತ್ತಿ ಟವಲಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡಳು. ಜಡೇಗೌಡ ನೋಡಿದ, ಆಮೇಲೆ ನೋಡದವನಂತೆ ಮುಂದೆ ನಡೆದ. ಹಳ್ಳ ದಾಟಿ ಲಂಟಾನದ ನಡುವೆ ಬಂದ ಆ ನಡಿಗೆಯ ರಮ್ಯತೆಯನ್ನು ನಾನು ವರ್ಣಿಸಲಾರೆ. ಬೆನ್ನ ಹಿಂದೆ ಇನ್ನೂ ಏನೋ ಮುರಿಯುತ್ತಿತ್ತು. ಬರುತ್ತಿರುವುದು ಆನೆಯೋ ಭಾವನೋ ಎಂದು ತಿರುಗಿ ನೋಡಿದ್ದರೆ ತಿಳಿಯುತ್ತಿತ್ತು. ಕಟ್ಟಳೆಯ ಪ್ರಕಾರ ನೋಡುವಂತಿರಲಿಲ್ಲ. ನೋಡಲಿಲ್ಲ. ವಸತಿಗೃಹದ ಬೇಲಿ ಕಂಡಾಗ ನನ್ನ ಅಂಗಿ ನೀರಿಗೆ ಅದ್ದಿದಂತಾಗಿತ್ತು. ಅಕ್ಕ ಬೆವರಿರಲಿಲ್ಲ.

ಮಧ್ಯಾಹ್ನದ ಬಸ್ಸು ಹಿಡಿದೆವು. ಬಸ್ಸು ತಿರುವಿಗೊಮ್ಮೆ ವಾಲುತ್ತಿದ್ದರೂ ಅಕ್ಕ ಕಂಬಿ ಹಿಡಿಯದೆ ಎರಡು ಕೈಯಲ್ಲೂ ಟವಲಿನ ಗಂಟನ್ನೇ ಹಿಡಿದು ಕೂತಳು. ಚೆಕ್‌ಪೋಸ್ಟಿನಲ್ಲಿ ನಿನ್ನೆಯ ಗಾರ್ಡೇ ಹತ್ತಿದ. ಗುರುತು ಹಿಡಿದು ನಕ್ಕ. "ಏನಮ್ಮ, ತಂಬಿಗೆ ಚೀಲ್ದಲ್ಲಿ ಅದೆ, ಕೈಯ್ಯಲ್ಲೇನು?" ಎಂದು ಟವಲು ಬಿಡಿಸಿದ.

"ಕಲ್ಲು" ಎಂದಳು.

"ಕಾಡಿಂದ ಒಂದ್ ಎಲೆನೂ ಆಚೆ ಓಗಂಗಿಲ್ಲ ಕಣಮ್ಮ. ಇವತ್ತು ನಿಂಗೆ ಕಲ್ಲು ಬುಟ್ರೆ ನಾಳೀಕೆ ಇನ್ನೊಬ್ಬ ಮರ ಒಯ್ತಾನೆ. ನನ್ ಕೆಲ್ಸ ಓಯ್ತದೆ."

ಬಿರುಸಿನ ಮನುಷ್ಯನಲ್ಲ. ತನ್ನ ಕೆಲಸದ ಮಾತು ಹೇಳಿದ. ನಾನು ಎದ್ದು ನಿಂತು, "ಸ್ವಲ್ಪ ತಡೀರಿ, ಅದು ಬರೀ ಕಲ್ಲಲ್ಲ" ಎಂದು ಶುರುಮಾಡಿದೆ. ನನ್ನ ಪೀಠಿಕೆ ಯಾವಾಗಲೂ ಉದ್ದ. ಅದು ಮುಗಿಯುವಷ್ಟರಲ್ಲಿ ಅವನು ಕಲ್ಲು ತೆಗೆದುಕೊಂಡು ಕೆಳಗಿಳಿದು, ಸೂರಿನಡಿಯಲ್ಲಿ ಕುರ್ಚಿಯ ಪಕ್ಕ ನೆಲದ ಮೇಲೆ ಇಟ್ಟುಬಿಟ್ಟಿದ್ದ. ಎಸೆಯಲಿಲ್ಲ, ಇಟ್ಟ. ಇಟ್ಟರೂ ನೆಲ ನೆಲವೇ.

"ಓಗಿ ಏಳ್ತೀನಿ ಇರಕ್ಕ, ಅವ್ನಿಗೆ ತಿಳಿಸಿ ಏಳ್ತೀನಿ" ಎಂದು ನಾನು ಬಾಗಿಲ ಕಡೆ ತಿರುಗಿದೆ. ಗಾಬರಿಯಲ್ಲಿ ನನ್ನ ಕಚೇರಿಯ ಹಕಾರವೂ ಬಿದ್ದುಹೋಗಿತ್ತು.

"ಸುಮ್ಕೆ ಕೂತ್ಕೊಳ್ಳಾ ನಂಜುಂಡ" ಎಂದಳು ಅಕ್ಕ. "ಮಡಗಾಯ್ತಲ್ಲ."

ಗೇಟು ಎದ್ದಿತು. ಬಸ್ಸು ಹೊರಟಿತು. ಕಲ್ಲು ನೆಲ ಮುಟ್ಟಿದ ಮೇಲೆ ತಿರುಗಿ ನೋಡಬಾರದೆಂಬ ಕಟ್ಟಳೆ ಮುಗಿದಂತೆ. ಅಕ್ಕ ಸೀಟಿನ ಮೇಲೆ ಪೂರ್ತಿ ಹಿಂದಕ್ಕೆ ತಿರುಗಿ ಕೂತು, ತಿರುವು ಬರುವವರೆಗೂ ತಗಡಿನ ಸೂರನ್ನು ನೋಡಿದಳು. ಗಾರ್ಡ್ ಹಗ್ಗ ಎಳೆದು ಕಟ್ಟಿ ಕುರ್ಚಿಯಲ್ಲಿ ಕೂತ. ಅವನ ಕಾಲ ಬಳಿ ಕಲ್ಲಿತ್ತು. ಹೀಗೆ ನಮ್ಮ ಭಾವ ಸಿದ್ದಮಲ್ಲಪ್ಪನವರಿಗೆ, ಅರ್ಜಿಯಿಲ್ಲದೆ, ಗೇಟಿನ ಡ್ಯೂಟಿ ಆಯಿತು.

ಕೊಳ್ಳೇಗಾಲದಲ್ಲಿ ಅಕ್ಕ ಕಾಫಿ ಬೇಡವೆಂದಳು. ಮುಳ್ಳೂರು ತಲುಪಿದಾಗ ಕತ್ತಲಾಗುತ್ತಿತ್ತು. ಹೊಲದ ಸಮಾಧಿಯ ಕಡೆ ಅವಳು ಹೋಗಲಿಲ್ಲ. ಒಳಗೆ ಹೋಗಿ ದೀಪ ಹಚ್ಚಿ, ಖಾಲಿ ಟವಲನ್ನು ಒಗೆಯಲು ಹಾಕಿ, ಮುಂಬಾಗಿಲಿಗೆ ಚಿಲಕ ಹಾಕಿದಳು.